ನೇರಳೆಗೂ ನೀಲಿಗೂ ನಡುವೆ ಒಂದು ಹೊಸ ಫೋನು

ಇನ್ನೂ ಮಾರಾಟಕ್ಕೇ ಬಾರದಿದ್ದ ಒಂದು ಫೋನಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಜಗಳ ನಡೆಯಿತು. ಮನೆಯಲ್ಲಿರುವುದು ನಾಲ್ಕೇ ಜನ. ನಾನು, ನಮ್ಮ ಯಜಮಾನರು, ಮಗ, ಸೊಸೆ. ಜಗಳಕ್ಕೆ ಅಷ್ಟು ಜನ ಧಾರಾಳ.

ಫೋನು ನಿಜವಾಗಿ ಬೇಕಾಗಿದ್ದು ಸೊಸೆಗೆ. ಅವಳು ಸೀರೆಗೆ ಕುಚ್ಚು ಹೆಣೆಯುತ್ತಾಳೆ. ಸೆರಗಿಗೇ ಕಟ್ಟುವುದಲ್ಲ. ರೇಷ್ಮೆ ದಾರದಲ್ಲಿ ಉದ್ದಕ್ಕೆ ಪಟ್ಟಿಯ ಹಾಗೆ ಹೆಣೆದು, ಮಣಿ ಪೋಣಿಸಿ, ಬೇರೆಯಾಗಿಯೇ ತಯಾರು ಮಾಡಿ ಕಳಿಸುತ್ತಾಳೆ. ತಿಪಟೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿರುವ ಒಬ್ಬಾಕೆ ಅದನ್ನು ಸೆರಗಿನ ಅಂಚಿಗೆ ಹೊಲಿದುಕೊಳ್ಳುತ್ತಾಳೆ. ನಮ್ಮದು ಮಾಯಸಂದ್ರದ ಕಡೆಯ ಹಳ್ಳಿ. ಒಂದೊಂದು ಸೀರೆ ನೋಡುವುದಕ್ಕೂ ತಿಪಟೂರಿಗೆ ಹೋಗಿಬರುವುದು ಆಗದ ಮಾತು. ಹಾಗಾಗಿ ಆಕೆ ಸೀರೆಯ ಫೋಟೋ ಕಳಿಸುತ್ತಾಳೆ, ಇವಳು ಫೋನಿನಲ್ಲಿ ಬಣ್ಣ ನೋಡಿ ದಾರ ಆರಿಸುತ್ತಾಳೆ, ಹೆಣೆದು ಮುಗಿಸಿದ ಮೇಲೆ ಬಸ್ಸಿಗೆ ಕೊಟ್ಟು ಕಳಿಸುತ್ತಾಳೆ.

ಚೆನ್ನಾಗಿಯೇ ನಡೆದುಕೊಂಡು ಹೋಗುತ್ತಿತ್ತು. ಒಂದು ಸಲ ಬಾಳೆಎಲೆ ಹಸಿರು ಹೋಗಿ ಗಿಳಿಹಸಿರಾಯಿತು. ಅದನ್ನು ಹೇಗೋ ಸಂಭಾಳಿಸಿದರು. ಆಮೇಲೆ ಒಂದು ಮದುವೆ ಮನೆಯವರ ಸೀರೆ ಬಂತು. ಫೋಟೋದಲ್ಲಿ ನೀಲಿ. ಇವಳು ಕಣ್ಣು ಉರಿಯುವ ತನಕ ಕೂತು ನೀಲಿ ಕುಚ್ಚು ಹೆಣೆದು ಕಳಿಸಿದಳು. ಸೀರೆ ನೋಡಿದರೆ ನೇರಳೆಯಂತೆ. ತಿಪಟೂರಿನಾಕೆ ಫೋನಿನಲ್ಲಿ ಕೂಗಾಡಿದ್ದು ದನದ ಕೊಟ್ಟಿಗೆಯಲ್ಲಿದ್ದ ನನಗೂ ಕೇಳಿಸಿತು.

"ಏನೇ ಇದು? ನ್ಯಾರಳೆ ಸೀರೆಗೆ ನೀಲಿ ಕುಚ್ಚು! ಹೆಣ್ಣಿನ ಅವ್ವ ನನ್ ಮುಖಕ್ಕೆ ಎಸೆದು ಹೋದ್ಲು. ಇನ್ನೊಂದ್ ಸಲ ಹಿಂಗ್ ಮಾಡುದ್ರೆ ಕೆಲ್ಸ ಬ್ಯಾರೆಯೋರಿಗೆ ಕೊಡ್ತೀನಿ ಕಣಮ್ಮ, ಈಗ್ಲೇ ಹೇಳಿವ್ನಿ."

ಸೊಸೆ ಅಳುವ ಪೈಕಿ ಅಲ್ಲ. ವಾಪಸ್ ಬಂದ ಕುಚ್ಚನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಮಣಿ ಬಿಚ್ಚಿ ಡಬ್ಬಿಗೆ ಹಾಕಿದಳು. "ನನ್ ಫೋನು ಹಳೇದಾಗೈತೆ ಅತ್ತೆ, ಅದ್ಕೆ ಬಣ್ಣ ಸರಿಯಾಗಿ ಕಾಣಲ್ಲ" ಅಂದಳು. ಹಳೆಯದು ಹೌದು. ಪರದೆಯ ಮೇಲೆ ಉದ್ದಕ್ಕೆ ಒಂದು ಹಸಿರು ಗೆರೆ ಬಿದ್ದಿದೆ, ಯಾರ ಫೋಟೋ ನೋಡಿದರೂ ಮೂಗಿನ ಮೇಲೆ ಗರಿಕೆ ಬೆಳೆದ ಹಾಗೆ ಕಾಣುತ್ತದೆ. ಆ ಕುಚ್ಚಿನ ಕೆಲಸ ಒಂದೇ ಅವಳಿಗೆ ಅಂತ ಇರುವುದು. ತೋಟದ್ದು ಮನೆಯದು, ಟೆಂಪೊ ಬಾಡಿಗೆ ಗಂಡನದು. ಕುಚ್ಚು ಅವಳದು. ಅದು ಹೋದರೆ ಅವಳೂ ನನ್ನ ಹಾಗೆ ಜೀವಮಾನವೆಲ್ಲ ಕೂತು ಕೊಬ್ಬರಿ ಬಿಡಿಸಬೇಕು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಗ ಅಂದ, "ಈಗ್ಲೇ ತಗಬ್ಯಾಡ. ಹಬ್ಬದ ಹೊತ್ಗೆ ಹೊಸದೊಂದ್ ಬತ್ತೈತೆ. ಕ್ಯಾಮ್ರಾ ಅಂದ್ರೆ ಅದು ಕ್ಯಾಮ್ರಾ. ಇದ್ದ ಬಣ್ಣ ಇದ್ದಂಗೆ."

ಅಲ್ಲಿಂದ ಶುರುವಾಯಿತು. ಆಗ ಅಟ್ಟದಿಂದ ಕಾಯಿ ಇಳಿಸಿ ಒಡೆಯುವ ಸಮಯ. ವರ್ಷವೆಲ್ಲ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು, ಇಡೀ ಗಿಟುಕಾಗಿ ಗಡಗಡ ಅನ್ನಬೇಕು. ಅಂದರೆ ಮಾಗಿದೆ ಅಂತ ಲೆಕ್ಕ. ಸದ್ದು ಬಾರದ್ದನ್ನು ವಾಪಸ್ ಅಟ್ಟಕ್ಕೆ ಹಾಕುತ್ತೇವೆ. ನಾನು, ಸೊಸೆ, ಯಜಮಾನರು ಕೂತು ಈ ಕೆಲಸ ಮಾಡುತ್ತಿದ್ದರೆ, ಮಗ ಕಂಬಕ್ಕೆ ಒರಗಿ ಬಾರದ ಫೋನಿನ ಸುದ್ದಿ ಓದಿ ಹೇಳುತ್ತಿದ್ದ. ಚಿಪ್ಪು ಒಡೆಯಲು ಕರೆದರೆ ಬಾರದವನು ಇದಕ್ಕೆ ಮಾತ್ರ ದಿನಾ ತಪ್ಪದೆ ಹಾಜರು.

"ಭಾರಿ ತೆಳ್ಳಗೈತಂತೆ" ಅಂದ.

"ತೆಳ್ಳಗ್ಯಾಕ್ಲಾ ಬೇಕು? ಅದೇನ್ ದೋಸೆನಾ?" ಅಂದರು ಯಜಮಾನರು. "ಬ್ಯಾಟ್ರಿ ಎಷ್ಟ್ ಹೊತ್ ಬತ್ತೈತೆ, ಅದನ್ ಹೇಳು."

"ಒಸಿ ಕಮ್ಮಿ ಅಂತವ್ರೆ. ತೆಳ್ಳಗ್ ಮಾಡವ್ರಲ್ಲ."

"ಮತ್ತೆ?"

"ಬೆನ್ನು ಪೂರಾ ಗಾಜು ಕಣಪ್ಪಾ."

"ಗಾಜಾ? ಬಿದ್ರೆ?"

"ಬಿದ್ರೆ ಒಡೀತೈತೆ. ಅದ್ಕೆ ಮ್ಯಾಲೊಂದ್ ಕವರ್ ಹಾಕ್ಬೇಕು."

"ಕವರ್ ಹಾಕುದ್ ಮ್ಯಾಲೆ ತೆಳ್ಳಗಿರ್ತೈತಾ?"

ಸೊಸೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು.

ಯಜಮಾನರಿಗೆ ಬ್ಯಾಟರಿಯ ಚಿಂತೆ ಯಾಕೆ ಅಂದರೆ ತೋಟದ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದಾರೆ. ಕರೆಂಟ್ ಬಂದ ಕೂಡಲೇ ಮೋಟಾರೇ ಇವರಿಗೆ ಫೋನ್ ಮಾಡುತ್ತದೆ. ಒಂದು ಹೆಣ್ಣುದನಿ ಬಲು ಮರ್ಯಾದೆಯಿಂದ ಕರೆಂಟ್ ಬಂದಿದೆ ಅನ್ನುತ್ತದೆ. ಇವರ ಬಟನ್ ಫೋನಿನ ದನಿ ಸಣ್ಣದಾಗಿತ್ತು, ಹೊಸ ಫೋನು ಬಂದರೆ ಮೋಟಾರನ್ನು ಅದಕ್ಕೆ ಹಾಕಿಸಿಕೊಳ್ಳಬೇಕು ಅನ್ನುವ ಆಸೆ. ಸೊಸೆಯ ಫೋನಿಗೆ! ಅವಳು ಕುಚ್ಚು ಹೆಣೆಯುತ್ತ ಕೂತಿದ್ದಾಗ ಆ ಹೆಂಗಸು ಕರೆಂಟ್ ಬಂದಿದೆ ಅಂತ ಕೂಗಬೇಕು, ಇವಳು ಎದ್ದು ಮಾವನನ್ನು ಹುಡುಕಿಕೊಂಡು ತೋಟಕ್ಕೆ ಓಡಬೇಕು. ನಮ್ಮ ಯಜಮಾನರ ಯೋಜನೆಗಳು ಯಾವಾಗಲೂ ಹೀಗೆಯೇ, ಓಡುವವರು ಬೇರೆಯವರು.

ಮಗನಿಗೆ ದೊಡ್ಡ ಪರದೆ ಬೇಕು, ಕ್ರಿಕೆಟ್ ನೋಡಲು. ಜೇಬಿನಲ್ಲೂ ಹಿಡಿಸಬೇಕು. ಟೆಂಪೊ ಓಡಿಸುವಾಗ ದಾರಿ ತೋರಿಸಬೇಕು. ತೆಂಗಿನಕಾಯಿ ತುಂಬಿಕೊಂಡು ಮಾಯಸಂದ್ರಕ್ಕೋ ತಿಪಟೂರಿಗೋ ಹೋಗುವವನಿಗೆ ದಾರಿ ತೋರಿಸಲು ಫೋನು ಯಾಕೆ ಬೇಕೋ ನನಗೆ ಈವತ್ತಿಗೂ ಗೊತ್ತಿಲ್ಲ.

ನನಗೂ ಒಂದು ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಹೆಬ್ಬೆರಳಿನಲ್ಲಿ ಗೆರೆ ಉಳಿದಿಲ್ಲ. ಚಿಪ್ಪು, ನಾರು, ಮಚ್ಚಿನ ಹಿಡಿ ಸೇರಿಕೊಂಡು ಸವೆಸಿವೆ. ರೇಷನ್ ಅಂಗಡಿಯ ಯಂತ್ರದ ಮೇಲೆ ಎಷ್ಟು ಒತ್ತಿದರೂ ನಾನು ನಾನಲ್ಲ ಅನ್ನುತ್ತದೆ. ಸೊಸೆಯ ಫೋನಿಗೂ ಹಾಗೆಯೇ. ಹೊಸದಾದರೂ ನನ್ನ ಬೆರಳನ್ನು ಗುರುತು ಹಿಡಿಯಲಿ ಅಂತ ನಾನೂ ಸೇರಿಸಿದೆ.

"ಅವ್ವಾ, ಅದು ಮುಖ ನೋಡಿ ತೆರ್ಕಳ್ಳೋದು" ಅಂದ ಮಗ.

"ಇವಳ ಮುಖ ನೋಡುದ್ರೆ ಮುಚ್ಕಳ್ತೈತೆ" ಅಂದರು ಯಜಮಾನರು.

ಅದಕ್ಕೆ ನಾನು ಅವರ ಕುಳ್ಳ ತೆಂಗಿನ ಮರಗಳ ಮಾತು ತೆಗೆದೆ. ಎಷ್ಟೋ ವರ್ಷದ ಹಿಂದೆ ಎಲ್ಲಿಂದಲೋ ಹೈಬ್ರಿಡ್ ಸಸಿ ತಂದು ಬದುವಿನ ಉದ್ದಕ್ಕೂ ನೆಟ್ಟರು. ಬೇಗ ಫಲ, ಮರ ಹತ್ತಬೇಕಾಗಿಲ್ಲ, ನಿಂತುಕೊಂಡೇ ಕೀಳಬಹುದು, ಎಳನೀರು ಸಿಹಿ. ಎಲ್ಲವೂ ನಿಜವೇ. ಆದರೆ ಅದರ ಕಾಯಿ ಅಟ್ಟಕ್ಕೆ ಹಾಕಿ ವರ್ಷ ಕಾದು ಒಡೆದರೆ ಒಳಗೆ ಕೊಬ್ಬರಿ ಚಪ್ಪಲಿ ತೊಗಲಿನ ಹಾಗೆ ಬಳುಕುತ್ತಿತ್ತು. ಮಾರುಕಟ್ಟೆಯಲ್ಲಿ ಅದನ್ನು ಮುಟ್ಟಿ ನೋಡಿದವರು ಇವರ ಮುಖವನ್ನೂ ಒಂದು ಸಲ ನೋಡಿದರು.

"ಅವತ್ತೂ ಹಿಂಗೇ ಅಂದ್ರಲ್ಲ, ಎಲ್ಲಾ ಒಂದ್ರಲ್ಲೇ ಐತೆ ಅಂತ" ಅಂದೆ.

"ಎಳನೀರು ಕುಡುದ್ಯೋ ಇಲ್ವೋ?"

"ಕುಡುದೆ."

"ಸುಮ್ಕಿರು ಮತ್ತೆ."

ಸೊಸೆ ಈ ಗಲಾಟೆಯಲ್ಲಿ ಬೇರೆ ಏನೂ ಕೇಳಲಿಲ್ಲ. ಬಣ್ಣ ಇದ್ದ ಹಾಗೆ ಕಂಡರೆ ಸಾಕು ಅಂದಳು, ಅಷ್ಟೇ. ಅವಳ ದುಡ್ಡಿನಲ್ಲಿ ಬರುವ ಫೋನಿನಲ್ಲಿ ಅವಳದು ಒಂದೇ ಆಸೆ, ನಮ್ಮದು ಒಂದು ಗಾಡಿಯಷ್ಟು.

ಫೋನು ಅಂಗಡಿಗೆ ಬಂತು ಅಂತ ಸುದ್ದಿ ಬಂದ ಮಾರನೆಯ ದಿನ ನಾಲ್ಕೂ ಜನ ಟೆಂಪೊದಲ್ಲಿ ತುರುವೇಕೆರೆಗೆ ಹೋದೆವು. ಯಜಮಾನರು ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ಮೊಬೈಲ್ ಅಂಗಡಿಯವರು ನಮಗೆ ಹಳಬರು. ಅವರ ತಂದೆ ಅದೇ ಜಾಗದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಟೈಲರ್ ಸಾಬರು, ನಮ್ಮ ಯಜಮಾನರ ಮದುವೆಯ ಅಂಗಿ ಹೊಲಿದವರು. ಆ ಸಾಬರ ಮಗ ಈಗ ಫೋನು ರಿಪೇರಿ ಮಾಡುತ್ತಾರೆ, ಮಾರುತ್ತಾರೆ.

"ಬನ್ನಿ ತಾತ, ಬನ್ನಿ ಅಜ್ಜಿ. ಪೂರಾ ಫ್ಯಾಮಿಲಿ ಬಂದೈತೆ!" ಅಂದರು.

ಯಜಮಾನರು ಮೇಜಿನ ಮೇಲಿದ್ದ ಒಂದನ್ನು ಎತ್ತಿ ಅಂಗೈಯಲ್ಲಿ ತೂಗಿದರು. ತೆಳ್ಳಗೆ ಯಾಕೆ ಬೇಕು ಅಂದವರು ಅವರೇ. "ಅಬ್ಬಬ್ಬಾ, ಎಷ್ಟು ಹಗುರ್ವಾಗೈತೆ! ಹೂವು ಹಿಡ್ದಂಗಾಯ್ತದೆ" ಅಂದರು.

"ಅದು ಬರೀ ತೋರ್ಸೋಕೆ ಇಟ್ಟಿರೋದು ತಾತ. ಒಳಗೆ ಏನೂ ಇಲ್ಲ."

"ನಿಮ್ಗೆ ಒಪ್ತದೆ ಬುಡಿ" ಅಂದೆ ನಾನು.

ಅಸಲಿ ಫೋನನ್ನು ಅವರು ಒಳಗಿನಿಂದ ತಂದರು. ಅದಕ್ಕೆ ಕರುವಿಗೆ ಕಟ್ಟಿದ ಹಾಗೆ ಒಂದು ವೈರು ಕಟ್ಟಿತ್ತು. ಮಗ ತೆಗೆದುಕೊಂಡು ತಡವಿದ, ಸೊಸೆ ನೋಡಿದಳು, ನನ್ನ ಕೈಗೂ ಬಂತು. ನಾನು ಹೆಬ್ಬೆರಳು ಒತ್ತಿ ನೋಡಿದೆ, ಅದು ಮಾಮೂಲಿನಂತೆ ಒಲ್ಲೆ ಅಂದಿತು. ಕೈಗೆ ಬಂದ ವಸ್ತುವನ್ನು ಇನ್ನೇನು ಮಾಡುವುದು? ಅಭ್ಯಾಸ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಸಣ್ಣಗೆ ಕಟಕಟ ಅಂದಿತು.

"ತಕ್ಕೋ ಕಣ್ಲಾ, ಚೆನ್ನಾಗಿ ಮಾಗೈತೆ" ಅಂದೆ ಮಗನಿಗೆ.

ಅಂಗಡಿಯಲ್ಲಿದ್ದ ಕಾಲೇಜು ಹುಡುಗಿಯರು ಗೊಳ್ಳೆಂದು ನಕ್ಕರು. ಮಗ ಕಿವಿಯವರೆಗೂ ಕೆಂಪಾಗಿ ಫೋನು ಕಿತ್ತುಕೊಂಡ. "ಅವ್ವಾ, ಅದೇನ್ ಗಿಟುಕಾ?" ಅಂದ. ಯಜಮಾನರು ಮಾತ್ರ ನನ್ನ ಪರ. "ಸದ್ದು ಬಂತಲ್ಲ, ಕೇಳಿಸ್ತು" ಅಂದರು. ಅಂಗಡಿಯವರು ನಗು ತಡೆದುಕೊಂಡು ಹೇಳಿದರು, ಅದರ ಕ್ಯಾಮರಾವನ್ನು ಒಳಗೆ ಅಲ್ಲಾಡುವ ಹಾಗೇ ಕೂರಿಸಿರುತ್ತಾರಂತೆ, ತೆಗೆಯುವವರ ಕೈ ನಡುಗಿದರೂ ಫೋಟೋ ನಡುಗಬಾರದು ಅಂತ. ಒಳ್ಳೆಯ ಫೋನುಗಳಲ್ಲಿ ಆ ಸದ್ದು ಇರುತ್ತದಂತೆ. ಹಾಗಾದರೆ ನಾನು ಹೇಳಿದ್ದು ಸರಿಯೇ ಆಯಿತು ಅಂತ ನಾನು ಬೀಗಿದೆ. ಆ ಹೆಮ್ಮೆ ಬಹಳ ಹೊತ್ತು ಉಳಿಯಲಿಲ್ಲ.

ಸೊಸೆ ಚೀಲದಿಂದ ಎರಡು ತುಂಡು ಕುಚ್ಚು ತೆಗೆದು ಗಾಜಿನ ಮೇಲಿಟ್ಟಳು. ಒಂದು ನೀಲಿ, ಒಂದು ನೇರಳೆ. ಮನೆಯಿಂದ ತಂದಿದ್ದಾಳೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಫೋಟೋ ತೆಗೆದಳು. ಫೋಟೋ ಬಲು ಚೆಂದ. ಎರಡೂ ಮಿರಮಿರ ಮಿಂಚುವ ನೀಲಿ.

"ಜನಕ್ಕೆ ಚೆಂದ ಬೇಕು ಅಂತ ಕಂಪನಿಯೋರೇ ಹಂಗ್ ಮಾಡಿ ಕಳಿಸ್ತಾರೆ ಅಕ್ಕ" ಅಂದರು ಅಂಗಡಿಯವರು. "ಮುಖ ಇದ್ದಂಗೇ ತೋರ್ಸಿದ್ರೆ ಯಾರು ಕೊಳ್ತಾರೆ ಹೇಳಿ? ಇರಿ, ಕಮ್ಮಿ ಮಾಡ್ತೀನಿ." ಒಳಗೆ ಏನೇನೋ ಒತ್ತಿದರು. ವೈರು ಬಿಚ್ಚಿ ಬಾಗಿಲ ಬೆಳಕಿಗೆ ತಂದುಕೊಟ್ಟರು. ಈ ಸಲ ನೀಲಿ ನೀಲಿಯಾಗಿತ್ತು, ನೇರಳೆ ಹೆಚ್ಚೂಕಮ್ಮಿ ನೇರಳೆಯಾಗಿತ್ತು. ಎಲ್ಲರಿಗೂ ಸಮಾಧಾನ. ಮಗ ಆಗಲೇ ಕವರ್ ಆರಿಸುತ್ತಿದ್ದ. ಯಜಮಾನರು ಮೋಟಾರಿನ ಹೆಂಗಸನ್ನು ಇದಕ್ಕೆ ಹೇಗೆ ಹಾಕಿಸುವುದು ಅಂತ ವಿಚಾರಿಸತೊಡಗಿದ್ದರು.

ಸೊಸೆ ಮಾತ್ರ, "ಒಂದ್ ನಿಮಿಷ ಇರಿ" ಅಂದಳು. ತನ್ನ ಹಳೆಯ ಫೋನಿನಲ್ಲಿ ಉಳಿದಿದ್ದ ಆ ಮದುವೆ ಸೀರೆಯ ಫೋಟೋವನ್ನು ಹೊಸ ಫೋನಿಗೆ ಕಳಿಸಿ ಕೊಡಿ ಅಂದಳು. ಅಂಗಡಿಯವರು ಕಳಿಸಿ, ತೆರೆದು ತೋರಿಸಿದರು.

ನೀಲಿ.

ಅವರ ಸ್ವಂತ ಫೋನಿನಲ್ಲಿ ತೆರೆದರು. ಅಲ್ಲೂ ನೀಲಿ. ಕಾಲೇಜು ಹುಡುಗಿಯೊಬ್ಬಳು ತನ್ನದನ್ನೂ ಕೊಟ್ಟಳು. ಅದರಲ್ಲಿ ಇನ್ನೂ ನೀಲಿ.

"ಫೋಟೋ ಹಿಡಿಯೋವಾಗ್ಲೇ ಹಂಗ್ ಹಿಡ್ದೈತೆ ಅಕ್ಕ" ಅಂದರು ಅಂಗಡಿಯವರು. "ಇನ್ ನೀವ್ ಎಷ್ಟು ಒಳ್ಳೇ ಫೋನಲ್ಲಿ ನೋಡುದ್ರೂ ಅಷ್ಟೇ." ಹೇಳಿ ಮುಗಿಸುವಷ್ಟರಲ್ಲಿ ಒಂದು ವ್ಯಾಪಾರ ಕೈತಪ್ಪಿತು ಅನ್ನುವುದು ಅವರಿಗೆ ಹೊಳೆಯಿತು ಅಂತ ಕಾಣುತ್ತದೆ, ಟೀ ಲೋಟ ಎತ್ತಿ ಖಾಲಿ ಲೋಟವನ್ನೇ ಕುಡಿದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇವಳ ಫೋನಿನದು ತಪ್ಪೇ ಇರಲಿಲ್ಲ. ಇವಳ ಕಣ್ಣಿನದೂ ಇರಲಿಲ್ಲ. ತಿಪಟೂರಿನಾಕೆಯ ಫೋನು ನೇರಳೆಯನ್ನು ನೀಲಿ ಮಾಡಿ ಕಳಿಸಿತ್ತು, ಇವಳು ಬೈಸಿಕೊಂಡಿದ್ದಳು. ನಾವು ಇಷ್ಟು ದಿನ ಕಾದು ಕೂತದ್ದು ದಾರಿಯ ಈ ತುದಿಯಲ್ಲಿ, ಗುಂಡಿ ಇದ್ದದ್ದು ಆ ತುದಿಯಲ್ಲಿ.

"ಇರ್ಲಿ, ಫೋನಂತೂ ಚೆನ್ನಾಗೈತಲ್ಲ" ಅಂದ ಮಗ, ಕವರ್ ಕೈಯಲ್ಲಿ ಹಿಡಿದುಕೊಂಡೇ.

ಸೊಸೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅಂಗಡಿಯ ಮೆಟ್ಟಿಲಿಗೆ ಹೋಗಿ ನಿಂತು ಹಸಿರು ಗೆರೆಯ ಫೋನಿನಲ್ಲಿ ತಿಪಟೂರಿಗೆ ಮಾತಾಡಿದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ನನ್ನ ಹತ್ತಿರ ಆ ದನಿ ಎತ್ತಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

"ಅಕ್ಕಾ, ನೀವ್ ಕಳ್ಸಿದ್ ಫೋಟೋದಲ್ಲೇ ನ್ಯಾರಳೆ ಇರ್ಲಿಲ್ಲ. ಮೂರ್ನಾಕ್ ಫೋನಲ್ಲಿ ಹಾಕಿ ನೋಡ್ದೆ."

"ನನ್ ಫೋನ್ ಎಷ್ಟ್ ದುಡ್ಡಿಂದು ಗೊತ್ತೇನೇ ನಿಂಗೆ?" ಆಕೆಯ ದನಿ ರಸ್ತೆಗೆಲ್ಲ ಕೇಳಿಸುತ್ತಿತ್ತು.

"ದುಡ್ಡೆಷ್ಟಾದ್ರೂ ಇರ್ಲಿ ಅಕ್ಕ. ನಿಮ್ಮತ್ರ ನ್ಯಾರಳೆ ಬಟ್ಟೆ ಯಾವ್ದಾದ್ರೂ ಇದ್ರೆ ಅಂಗ್ಡಿ ಲೈಟಲ್ಲೇ ಒಂದ್ ಫೋಟೋ ಹಿಡೀರಿ. ಆಮೇಲೆ ಬಟ್ಟೆನೂ ಫೋಟೋನೂ ಬಾಗ್ಲಿಗ್ ತಂದು ಪಕ್ಕದಲ್ಲಿಟ್ಟು ನೋಡಿ. ನೋಡುದ್ ಮ್ಯಾಲೆ ಬೈರಿ."

"ನಂಗೇ ಹೇಳ್ಕೊಡ್ತೀಯಾ?" ಅಂದು ಆಕೆ ಫೋನು ಇಟ್ಟಳು.

ಫೋನು ಕೊಳ್ಳದೆ ವಾಪಸ್ ಬಂದೆವು. ಅಂಗಡಿಯವರು ಅವಳ ಹಳೆಯದಕ್ಕೇ ಹೊಸ ಬ್ಯಾಟರಿ ಹಾಕಿಕೊಟ್ಟರು. ಮಗ ಯಾರೋ ತೀರಿಕೊಂಡ ಹಾಗೆ ಮುಖ ಮಾಡಿಕೊಂಡು ಗಾಡಿ ಓಡಿಸಿದ.

ಆಮೇಲೆ ತಿಪಟೂರಿನಿಂದ ಒಂದು ಫೋಟೋವೂ ಬರಲಿಲ್ಲ. ದಿನಗಳು ಕಳೆದವು. ಸೊಸೆಯ ದಾರದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ನನ್ನ ಜೊತೆ ಕೂತು ಚಿಪ್ಪು ಒಡೆದಳು. ಅವಳ ಕೈಗೆ ಆ ಕೆಲಸ ಒಗ್ಗುವುದಿಲ್ಲ, ಗಿಟುಕಿಗೆಲ್ಲ ಮಚ್ಚಿನೇಟು ಬೀಳುತ್ತಿತ್ತು. ಏಟು ಬಿದ್ದ ಕೊಬ್ಬರಿಗೆ ಬೆಲೆ ಇಲ್ಲ.

"ಬಾಯ್ ಜೋರ್ ಮಾಡ್ದೆ, ಕೆಲ್ಸ ಹೋಯ್ತು ಬುಡು" ಅಂದೆ. ನಾನು ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಬಾಯಲ್ಲಿ ಒಂದು ಹೇಳುವವಳಲ್ಲ.

"ಹೋದ್ರೆ ಹೋಗ್ಲಿ ಅತ್ತೆ. ಸುಳ್ ಬಣ್ಣ ನೋಡ್ಕಂಡು ಹೆಣ್ದು, ಆಮ್ಯಾಲೆ ನಾನೇ ಬೈಸ್ಕಣಾಕಾಗಲ್ಲ."

"ಕೊಬ್ರಿನಾದ್ರೂ ನೋಡ್ಕಂಡ್ ಒಡಿ ಮತ್ತೆ."

ಅಷ್ಟರಲ್ಲಿ ಮಗ ಮತ್ತೆ ಚೇತರಿಸಿಕೊಂಡಿದ್ದ. ಕಂಬಕ್ಕೆ ಒರಗಿ, ಮುಂದಿನ ಸಲ ಮಡಚುವ ಫೋನು ಅಗ್ಗವಾಗುತ್ತದಂತೆ ಅಂದ. ಯಜಮಾನರು, "ಎದ್ದ್ ಮ್ಯಾಲೆ ಚಾಪೆ ಮಡ್ಚೋದೇ ಕಲೀಲಿಲ್ಲ ನೀನು" ಅಂದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಸೊಸೆಯ ಫೋನು ಬಡಿದುಕೊಂಡಿತು. ತಿಪಟೂರಿನಾಕೆ. ಸೊಸೆ ಎಡಗೈಯಲ್ಲಿ ಹಿಡಿದು ಕೇಳಿಸಿಕೊಂಡಳು.

"ಮೆರೂನ್ ಸೀರೆ ಫೋಟೋ ಒಂದು ಕಳಿಸ್ದೆ ಕಣೇ ಇನ್ನೊಬ್ಳಿಗೆ" ಅಂದಳು ಆಕೆ. "ಕೆಂಪು ಕುಚ್ಚು ಹೆಣ್ಕಂಡ್ ಬಂದವ್ಳೆ. ಆಮೇಲೆ ನೀನ್ ಹೇಳ್ದಂಗೆ ಬಾಗ್ಲಿಗ್ ತಂದ್ ನೋಡ್ದೆ. ಈ ಹಾಳ್ ಫೋನು ಮಹಾ ಸುಳ್ ಬುರ್ಕ. ನೀನೇ ಬಂದ್ ಸೀರೆ ನೋಡ್ಕಂಡ್ ಹೋಗೇ."

"ಒಂದೊಂದ್ ಸೀರೆಗೆಲ್ಲ ಬರಾಕಾಗಲ್ಲ ಅಕ್ಕ. ಕೂಡಿಸಿಡಿ. ನಮ್ ಮಾವ ಕೊಬ್ರಿ ಮಾರಾಕೆ ಬರೋ ದಿನ ಬತ್ತೀನಿ."

ಅದನ್ನು ಕೇಳುತ್ತಿದ್ದ ಮಾವನ ಕೈಯ ಮುದ್ದೆ ಅರ್ಧದಲ್ಲೇ ನಿಂತಿತು. ತನ್ನನ್ನು ಒಂದು ಮಾತೂ ಕೇಳದೆ ತನ್ನ ಮಾರುಕಟ್ಟೆಯ ದಿನವನ್ನು ಸೊಸೆ ಗೊತ್ತು ಮಾಡಿದ್ದು ಅವರಿಗೆ ಹೊಸದು. ನನ್ನ ಮುಖ ನೋಡಿದರು. ನಾನು ಸಾರು ಬಡಿಸಿದೆ.

ಮೊದಲ ಸಲ ನಾನೂ ಹೋದೆ, ನನಗೆ ಡಾಕ್ಟರಿಗೆ ಹಲ್ಲು ತೋರಿಸುವುದಿತ್ತು. ಕೊಬ್ಬರಿ ಚೀಲಗಳನ್ನೂ ಗಂಡಸರನ್ನೂ ಮಾರುಕಟ್ಟೆಯಲ್ಲಿ ಬಿಟ್ಟು ನಾವಿಬ್ಬರೂ ಆಕೆಯ ಅಂಗಡಿಗೆ ನಡೆದೆವು. ಆಕೆ ನಾನು ನೆನೆಸಿದಷ್ಟು ದಪ್ಪ ಇರಲಿಲ್ಲ, ದನಿಯೇ ದಪ್ಪ. ಒಂದು ರಾಶಿ ಸೀರೆ ತಂದು ಹಾಕಿ ನನಗೆ ಹೇಳಿದಳು, "ನಿಮ್ ಸೊಸೆ ಬಾಯಿ ಭಾಳ ಜೋರು ಕಣಮ್ಮ."

"ನಮ್ಗೂ ಈಚೀಚೆಗೆ ಗೊತ್ತಾಗಿದ್ದು" ಅಂದೆ.

ಸೊಸೆ ಒಂದೊಂದೇ ಸೀರೆಯ ಸೆರಗು ಹಿಡಿದುಕೊಂಡು ಬಾಗಿಲಿಗೆ ಹೋಗಿ, ಬಿಸಿಲಿಗೆ ತಿರುಗಿಸಿ, ತನ್ನ ದಾರದ ಉಂಡೆಗಳನ್ನು ಪಕ್ಕದಲ್ಲಿಟ್ಟು ನೋಡಿದಳು. ಒಂದು ಸೀರೆಗೆ ಎರಡು ದಾರ ಸೇರಿಸಿ ಹೆಣೆಯಬೇಕು ಅಂದಳು, ಅದು ಅತ್ತ ನೇರಳೆಯೂ ಅಲ್ಲ, ಇತ್ತ ಗುಲಾಬಿಯೂ ಅಲ್ಲ ಅಂತ. ಅಂಗಡಿಯಾಕೆ ಮೂಗು ಮುರಿದಳು, ಎದ್ದು ಬಾಗಿಲಿಗೆ ಬಂದು ನೋಡಿದಳು, ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿನ ಬೀರುವಿನಿಂದ ಇನ್ನೊಂದಷ್ಟು ಸೀರೆ ತಂದು ರಾಶಿಗೆ ಸೇರಿಸಿದಳು. ಈ ಸಲ ಸೀರೆಗಳನ್ನೇ ಕೊಟ್ಟು ಕಳಿಸುತ್ತೇನೆ, ಸೆರಗಿಗೇ ಕಟ್ಟಿಕೊಂಡು ಬಾ, ಹಾಗೆ ಕಟ್ಟಿದರೆ ಕೂಲಿ ಜಾಸ್ತಿ ಅಂದಳು.

ಟೆಂಪೊಗೆ ವಾಪಸ್ ಬಾಡಿಗೆ ಸಿಕ್ಕಿದ್ದರಿಂದ ನಾವಿಬ್ಬರೂ ಬಸ್ಸಿಗೆ ಬಂದೆವು. ಸಂತೆಗೆ ಬಂದವರ ಗಂಟುಮೂಟೆ ಬೇರೆ, ಕಾಲಿಡಲು ಜಾಗ ಇರಲಿಲ್ಲ. ಸೊಸೆ ಆ ಸೀರೆ ಗಂಟನ್ನು ಎರಡೂ ಕೈಯಲ್ಲಿ ತಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಮುಕ್ಕಾಲು ಸೀಟು ಹಿಡಿದು ಕೂತಿದ್ದಳು. ನನ್ನ ಒಂದು ಪಕ್ಕ ಸೀಟಿನ ಆಚೆಗೆ ನೇತಾಡುತ್ತಿತ್ತು, ಹಲ್ಲು ಕಿತ್ತ ದವಡೆ ಬೇರೆ ಜುಮುಗುಡುತ್ತಿತ್ತು.

"ಆ ಗಂಟ ಕೆಳೀಕ್ ಇಡೇ, ಕೂತ್ಕಳಾಕೆ ಜಾಗ ಇಲ್ಲ" ಅಂದೆ.

"ಕೆಳಗೆ ಧೂಳೈತೆ. ನೀವೇ ಒಸಿ ಜರುಗ್ರಿ ಅತ್ತೆ" ಅಂದಳು.

ಜರುಗಿದೆ.